ವರ್ಲನ್ ಟ್ಯಾಕೆಟ್ ಹಾಡಿದ ಕುಡುಕರ ಹಾಡು

ವರ್ಲನ್ ಟ್ಯಾಕೆಟ್ ಐವತ್ತೆರಡು ವರ್ಷದ ತನ್ನ ಜೀವಮಾನದಲ್ಲಿ ಒಂದೇ ಒಂದು ತೊಟ್ಟು ಹೆಂಡವನ್ನೂ ನಾಲಿಗೆಗೆ ಸೋಕಿಸಿದವನಲ್ಲ. ಕೆಂಟಕಿಯ ಸಿಕಮೋರ್ ಫೋರ್ಕ್ ಎಂಬ ಆ ಸಣ್ಣ ಊರಿನಲ್ಲಿ ಇದನ್ನು ಯಾರೂ ಸಾಧನೆಯೆಂದು ಎಣಿಸಿರಲಿಲ್ಲ. ಆ ಕೌಂಟಿಯಲ್ಲಿ ಮದ್ಯ ಮಾರುವುದು ಕಾನೂನಿಗೆ ವಿರುದ್ಧ, ಕುಡಿಯುವುದು ಬ್ಯಾಪ್ಟಿಸ್ಟ್ ಚರ್ಚಿಗೆ ವಿರುದ್ಧ. ಆದ್ದರಿಂದ ಊರಿನಲ್ಲಿ ಕುಡಿಯುವವರು ಯಾರೂ ಇಲ್ಲ ಎಂಬುದು ಎಲ್ಲರೂ ಒಪ್ಪಿಕೊಂಡ ಮಾತು. ಅದನ್ನು ಒಪ್ಪಿಕೊಂಡದ್ದಷ್ಟೇ ಅಲ್ಲದೆ ನಂಬಿಯೂ ಇದ್ದವನು ಮಾತ್ರ ವರ್ಲನ್ ಒಬ್ಬನೇ.

ಅವನು ಕೋಳಿ ಕುದುರೆಗಳ ಮೇವು, ಬಿತ್ತನೆ ಬೀಜ ಮಾರುವ ಅಂಗಡಿಯಲ್ಲಿ ಗಲ್ಲಾದ ಮುಂದೆ ನಿಲ್ಲುತ್ತಿದ್ದ. ಭಾನುವಾರ ಚರ್ಚಿನಲ್ಲಿ ಡೀಕನ್ ಆಗಿ, ಅಂದರೆ ಪಾದ್ರಿಯ ಬಲಗೈಯಾದ ಹಿರಿಯರಲ್ಲೊಬ್ಬನಾಗಿ, ಕಾಣಿಕೆ ತಟ್ಟೆ ಹಿಡಿದು ಸಾಲುಸಾಲಿನ ನಡುವೆ ಓಡಾಡುತ್ತಿದ್ದ. ಮೈಕಟ್ಟು ದೊಡ್ಡದು, ದನಿ ಅದಕ್ಕಿಂತ ದೊಡ್ಡದು, ಸ್ವಭಾವ ಮಾತ್ರ ಉಪ್ಪಿಲ್ಲದ ಗಂಜಿ. ಹೀಗೆಂದವರು ಊರಿನವರು. ಆ ಮಾತು ತನ್ನ ಕಿವಿಗೆ ಬಿದ್ದಿಲ್ಲವೆಂಬಂತೆ ಅವನು ನಡೆದುಕೊಳ್ಳುತ್ತಿದ್ದ. ಬಿದ್ದಿತ್ತು.

ಎಲ್ಲದಕ್ಕೂ ಮೂಲವಾದದ್ದು ಅಗ್ನಿಶಾಮಕ ದಳದ ಮೀನೂಟ. ಪ್ರತಿ ಬೇಸಿಗೆಯಲ್ಲೂ ಹೊಸ ನೀರಿನ ಕೊಳವೆ ಕೊಳ್ಳಲೆಂದು ದಳದವರು ಮೀನು ಕರಿದು ಮಾರುತ್ತಿದ್ದರು, ಜೊತೆಗೊಂದು ಜೋಡಿ ಹಾಡಿನ ಸ್ಪರ್ಧೆ ಇಡುತ್ತಿದ್ದರು. ಹೋದ ವರ್ಷ ಬಂದ ಜೋಡಿಗಳೆಲ್ಲ ಸತ್ತ ತಾಯಿಯ ಮೇಲೆ, ಸತ್ತ ನಾಯಿಯ ಮೇಲೆ, ಒಂದು ಜೋಡಿಯಂತೂ ಎರಡರ ಮೇಲೂ ಹಾಡಿದ್ದರಿಂದ ಜನ ಕಣ್ಣೊರೆಸಿಕೊಳ್ಳುತ್ತಾ ಮನೆ ಸೇರಿದ್ದರು. ಎರಡನೇ ಸಲ ಮೀನು ಹಾಕಿಸಿಕೊಂಡವರೇ ಇರಲಿಲ್ಲ. ಹಾಗಾಗಿ ಈ ವರ್ಷ ಹೊಸ ನಿಯಮ: ಹಾಡು ಶನಿವಾರದ ಮೋಜಿನ ಮೇಲಿರಬೇಕು. ಕುಡಿತ, ಕುಣಿತ, ಕೂಗಾಟ. ಬರೀ ಹಾಡು ತಾನೇ ಎಂದು ಪಾದ್ರಿ ಕೂಡ ಒಪ್ಪಿದ್ದರು.

ಆ ಜಾಹೀರಾತನ್ನು ಮೇವಿನ ಅಂಗಡಿಯ ಗಾಜಿಗೆ ಅಂಟಿಸಲು ಬಂದವನು ಕ್ಷೌರಿಕ ಗಾರ್ಲಿನ್. ಅವನೂ ಡೀಕನ್ನೇ. ಬಾಯಿ ಮಾತ್ರ ಕತ್ತರಿಗಿಂತ ಚುರುಕು.

"ನೀನೂ ಹೆಸರು ಕೊಡೋ ವರ್ಲಾ," ಅಂದ ಗಾರ್ಲಿನ್, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ. "ಮಜ್ಜಿಗೆ ಕುಡಿದು ಏಳು ಗಂಟೆಗೆ ಮಲಗಿದೆ ಅಂತ ಒಂದು ಹಾಡು ಕಟ್ಟು. ಕೇಳ್ದೋರಿಗೆ ಅಮಲೇರಿಬಿಡುತ್ತೆ."

ಎಲ್ಲರೂ ನಕ್ಕರು. ಕುದುರೆ ಲಾಳ ಕೊಳ್ಳಲು ಬಂದಿದ್ದ ಅಪರಿಚಿತನೂ ನಕ್ಕ. ಅದೇ ಹೆಚ್ಚು ನಾಟಿತು.

ವರ್ಲನ್ ಕಿಟಕಿಯಾಚೆ ದೂರಕ್ಕೆ ನೋಡಿದ. ಹಿಂದೆ ಏನೇನೋ ಕಂಡುಂಡವನ ನೋಟ ಹೇಗಿರಬೇಕೆಂದು ಅವನು ಊಹಿಸಿದ್ದನೋ ಹಾಗೆ. "ನಂಗೂ ಒಂದು ಕಾಲ ಇತ್ತು ಗಾರ್ಲಿನ್," ಅಂದ. "ನಿಂಗೇನು ಗೊತ್ತು."

ಆ ಕಾಲವೆಂದರೆ ಒಹಾಯೋದಲ್ಲಿ ನಡೆದ ಚಿಕ್ಕಪ್ಪನ ಮಗನ ಮದುವೆ. ಅಲ್ಲಿ ಹಣ್ಣಿನ ಪಾನಕದ ಪಾತ್ರೆಯಿಂದ ಏನೋ ವಾಸನೆ ಬಂತೆಂದು ವರ್ಲನ್ ಊಟ ಬಿಟ್ಟು ಬಸ್ಸು ಹತ್ತಿದ್ದ. ಆದರೆ ಗಾರ್ಲಿನ್‌ಗೆ ಅದು ಗೊತ್ತಿರಲಿಲ್ಲ. ಅವನ ನಗು ಅರೆಕ್ಷಣ ನಿಂತಿತು. ಆ ಅರೆಕ್ಷಣದ ರುಚಿ ಹತ್ತಿದ ವರ್ಲನ್ ಅಲ್ಲೇ ಹೆಸರು ಬರೆಸಿದ.

ಮನೆಗೆ ಬಂದು ಹೆಂಡತಿ ಮೇವಿಸ್‌ಗೆ ಹೇಳಿದ. ಅವಳು ಬಟಾಣಿ ಬಿಡಿಸುತ್ತಿದ್ದಳು.

"ಜೋಡಿ ಹಾಡು. ನೀನೂ ನಾನೂ."

"ಕುಡುಕರ ಹಾಡಾ? ನಾನಾ? ನಾಳೆ ಚರ್ಚಿನ ಹೆಂಗಸರಿಗೆ ಮುಖ ತೋರಿಸ್ಬೇಡ್ವಾ ನಾನು? ಬೇರೆ ಯಾರನ್ನಾದ್ರೂ ನೋಡ್ಕೋ. ಯಾವಳು ಒಪ್ಪಿಕೊಳ್ತಾಳೆ ನೋಡ್ತೀನಿ."

ಒಪ್ಪಿಕೊಂಡವರು ಮಿಸ್ ಓಪಲೀನ್ ಗ್ರಬ್ಸ್. ಎಪ್ಪತ್ತು ದಾಟಿದ ಕನ್ಯೆ, ಚರ್ಚಿನಲ್ಲಿ ಪಿಯಾನೋ ನುಡಿಸುವವರು, ಊರಿನ ಅರ್ಧ ಜನಕ್ಕೆ ಭಾನುವಾರದ ಶಾಲೆಯಲ್ಲಿ ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿಸಿದವರು. ವರ್ಲನ್ ಅವರ ಬಳಿ ಹೋಗಿದ್ದು, ಹಾಡುವ ಹೆಂಗಸು ಯಾರಾದರೂ ಗೊತ್ತೇ ಎಂದು ವಿಚಾರಿಸಲು ಮಾತ್ರ.

"ನಾನೇ ಹಾಡ್ತೀನಿ," ಅಂದರು ಮಿಸ್ ಓಪಲೀನ್. "ಆದ್ರೆ ನನ್ನ ಚರಣ ನಾನೇ ಬರ್ಕೋತೀನಿ."

ವರ್ಲನ್ ಚಹದ ಲೋಟವನ್ನು ಅವರ ಬೈಬಲಿನ ಮೇಲಿಟ್ಟುಬಿಟ್ಟ. ಆ ಬೇಸಿಗೆಯಲ್ಲಿ ಅವನಿಗೆ ತಟ್ಟಿದ ಮೊದಲ ಆಘಾತ ಅದು. ಮುಂದೆ ಬಂದವುಗಳ ಮುಂದೆ ಅದೊಂದು ಸೊಳ್ಳೆ ಕಡಿತ.

ತನ್ನ ಚರಣ ಬರೆಯಲು ವರ್ಲನ್ ತುಂಬ ಒದ್ದಾಡಿದ. ಕುಡಿಯುವವರು ಏನು ಮಾಡುತ್ತಾರೆ? ಕುಡಿಯುತ್ತಾರೆ, ಸರಿ. ಆಮೇಲೆ? ಬಾಟಲಿ ಬಚ್ಚಿಡುತ್ತಾರಂತೆ ಎಂದು ಎಲ್ಲೋ ಕೇಳಿದ ನೆನಪು. ಎಲ್ಲಿ? ಅಲ್ಮೇರಾ ಎಂದು ಬರೆದರೆ ಯಾರದೋ ಅಲ್ಮೇರಾದಲ್ಲಿ ಇದ್ದೇಬಿಟ್ಟರೆ ಗತಿಯೇನು, ಸುಮ್ಮನೆ ಒಬ್ಬರ ಮನಸ್ಸು ನೋಯಿಸಿದಂತಾದೀತು. ದೇವರು ಕೊಟ್ಟ ಬುದ್ಧಿ ತಲೆಯಲ್ಲಿರುವ ಯಾವ ಮನುಷ್ಯನೂ ಬಾಟಲಿ ಇಡಲಾರದ ಜಾಗಗಳು ಯಾವುವೆಂದು ಯೋಚಿಸಿ, ಅವನ್ನೇ ಹಾಕಿದ. ರಾಗವೂ ಸ್ವಂತದ್ದೇ ಎಂದುಕೊಂಡಿದ್ದ. ಅವನಿಗೆ ಗೊತ್ತಿದ್ದದ್ದು ಚರ್ಚಿನ ಹಾಡುಗಳು ಮಾತ್ರವಾದ್ದರಿಂದ, ಪ್ರಾರ್ಥನೆಯ ಕೊನೆಗೆ ಪಾಪಿಗಳನ್ನು ಮುಂದೆ ಕರೆಯುವ ಸ್ತೋತ್ರದ ರಾಗವೇ ದುಪ್ಪಟ್ಟು ವೇಗದಲ್ಲಿ ಬಂದು ಕೂತಿತ್ತು. ಮಿಸ್ ಓಪಲೀನ್‌ಗೆ ಅದು ತಿಳಿಯಿತು. ಅವರು ಏನೂ ಹೇಳಲಿಲ್ಲ. ಬೆರಳುಗಳಿಗೆ ಹೊಸದಾಗಿ ಏನೂ ಕಲಿಯಬೇಕಾಗಲಿಲ್ಲವಲ್ಲ.

ಅಭ್ಯಾಸದ ಕೊನೆಯ ಮಧ್ಯಾಹ್ನ ಅವರ ಚರಣ ಕೇಳಿ ವರ್ಲನ್ ಬೆವತುಹೋದ. "ಇದೆಲ್ಲ ಕಲ್ಪನೆ ತಾನೇ ಮಿಸ್ಸೇ? ಆ ಮೇಜಿನ ಮೇಲೆ ಕುಣಿಯೋದು?"

ಮಿಸ್ ಓಪಲೀನ್ ಕನ್ನಡಕ ಒರೆಸಿಕೊಂಡರು. "ಒಂದು ಕಾಲು ಗಿಡ್ಡ ಇತ್ತು," ಅಂದರು. "ಮೇಜಿಂದು."

ಶನಿವಾರ ಮಧ್ಯಾಹ್ನ ಅಗ್ನಿಶಾಮಕ ದಳದ ಅಂಗಳದಲ್ಲಿ ಇಡೀ ಊರು ಸೇರಿತ್ತು. ಹುಲ್ಲು ಸಾಗಿಸುವ ಗಾಡಿಯೇ ವೇದಿಕೆ. ಎಣ್ಣೆಯಲ್ಲಿ ಮೀನು ಚೊರ್ರೆನ್ನುತ್ತಿತ್ತು, ಜೋಳದ ಹಿಟ್ಟಿನ ಉಂಡೆಗಳು ತೇಲುತ್ತಿದ್ದವು. ಬ್ರದರ್ ಡ್ವೈಟ್ ಸ್ಟೈಲ್ಸ್, ಅಂದರೆ ಪಾದ್ರಿಗಳು, ಮೊದಲ ಸಾಲಿನಲ್ಲಿ ಕೂತು ತಟ್ಟೆಗೆ ಎಲೆಕೋಸಿನ ಕೋಸಂಬರಿ ಹಾಕಿಸಿಕೊಳ್ಳುತ್ತಿದ್ದರು. ಅವರ ಪಕ್ಕದಲ್ಲಿ ಶೆರಿಫ್ ಕಾಬ್ ಹೆನ್ಸ್ಲಿ, ಊರಿನ ಪೊಲೀಸು ಪಾರುಪತ್ಯವೆಲ್ಲ ಅವನದೇ. ಹಿಂದೆ ಗಾರ್ಲಿನ್, ಹೊಟ್ಟೆ ಹಿಡಿದು ನಗಲು ಸಿದ್ಧನಾಗಿ.

ಮಿಸ್ ಓಪಲೀನ್ ಪಿಯಾನೋ ಮುಟ್ಟಿದರು. ವರ್ಲನ್ ಟೋಪಿ ಹಿಂದಕ್ಕೆ ಸರಿಸಿ ಕಾಣಿಕೆ ತಟ್ಟೆ ಹಿಡಿಯುವ ಗಾಂಭೀರ್ಯದಲ್ಲಿ ನಿಂತು ಆ ಮಹಾಕಂಠವನ್ನು ಬಿಚ್ಚಿದ:

*ಎಡಗಾಲ ಬೂಟಲ್ಲಿ ಇಟ್ಟೆ ನಾ ಬಾಟ್ಲಿ,*
*ಮುಲಾಮಿನ ಪೆಟ್ಗೇಲಿ ಇನ್ನೊಂದು ಇರ್ಲಿ,*
*ಒಂಟೆಯ ಹೊಟ್ಟೇಲಿ ಮೂರನೇದಿಟ್ಟೆ,*
*ಶನಿವಾರ ಸಂಜೇಗೆ ಸಂಸಾರ ಬಿಟ್ಟೆ!*

ಮೊದಲ ಸಾಲಿಗೆ ಗಾರ್ಲಿನ್‌ನ ನಗು ಬಾಯಲ್ಲೇ ಹೆಪ್ಪುಗಟ್ಟಿತು. ಎರಡನೆಯ ಸಾಲಿಗೆ ಶೆರಿಫ್‌ಗೆ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿತು. ಮೂರನೆಯದಕ್ಕೆ ಪಾದ್ರಿಗಳ ಕೋಸಂಬರಿ ಮೊಣಕಾಲಿನ ಮೇಲೆ ಬಿತ್ತು, ಅವರು ಅದನ್ನು ತೆಗೆಯಲಿಲ್ಲ. ಜನ ತಮ್ಮ ಅಕ್ಕಪಕ್ಕದವರ ಮುಖ ನೋಡಿಕೊಂಡರು, ಆಮೇಲೆ ಅವರ ಕಾಲಿನ ಬೂಟು ನೋಡಿದರು.

ಆಗ ಮಿಸ್ ಓಪಲೀನ್ ತಮ್ಮ ಚರಣ ಎತ್ತಿಕೊಂಡರು:

*ಗ್ಲಾಸಿಗೆ ಸುರಿಯೋ, ಅಳತೆಯ ಬಿಡೋ,*
*ಮೇಜಿನ ಮೇಲೇರಿ ಕುಣಿತೀನಿ ನೋಡೋ,*
*ಹಿಮ್ಮಡಿ ಚಪ್ಪಲಿ ಹಾರೋದ್ರೆ ಹಾರ್ಲಿ,*
*ಪಾದ್ರಿಗೆ ಹೇಳೋರು ನಾಳೆ ಹೋಗ್ ಹೇಳ್ಲಿ!*

ಹಾಡು ಮುಗಿಯಿತು. ಒಂದು ಚಪ್ಪಾಳೆ ಇಲ್ಲ. ಎಣ್ಣೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎಲ್ಲೋ ಹಿಂದುಗಡೆ, ಬೇರೆ ಚರ್ಚಿಗೆ ಹೋಗುವ ಒಬ್ಬ ಮೆಥಡಿಸ್ಟ್ ಪಂಥದವನು "ಇನ್ನೊಂದ್ಸಲ!" ಎಂದು ಕೂಗಿದ, ಅವನ ಹೆಂಡತಿ ಅವನನ್ನು ಕೂರಿಸಿದಳು. ಮುಂದಿನ ಜೋಡಿಯ ಹೆಸರು ಕರೆದಾಗ ಆ ಜೋಡಿ ಕಾಣಲಿಲ್ಲ. ದಳದ ಮುಖ್ಯಸ್ಥ ಮೇಲೆ ಬಂದು, ಮೀನು ಸೀದುಹೋಗುತ್ತಿದೆ, ಸ್ಪರ್ಧೆ ಇಲ್ಲಿಗೆ ಸಾಕು ಅಂದ.

"ರಾಗ ಕೈಕೊಡ್ತು ಅನ್ಸುತ್ತೆ," ಅಂದ ವರ್ಲನ್ ಮನೆಗೆ ಹೋಗುವ ದಾರಿಯಲ್ಲಿ.

ಸೋಮವಾರ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಗಾರ್ಲಿನ್ ನಿಂತಿದ್ದ. ಭಾನುವಾರದ ಗಡ್ಡ ಹಾಗೇ ಇತ್ತು. ಬಗಲಲ್ಲಿ ಸುತ್ತಿದ ಟವಲು.

"ಯಾವಾಗಿನಿಂದ ಗೊತ್ತು ನಿಂಗೆ?" ಅಂದ.

"ಗುರುವಾರದಿಂದ," ಅಂದ ವರ್ಲನ್. ಹಾಡು ಹೊಳೆದದ್ದು ಗುರುವಾರ.

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಪಾತ್ರೆ ತೊಳೀತಾ ಇದ್ದೆ, ಹಾಗೇ ಕಣ್ಮುಂದೆ ಬಂತು. ಎಡಗಾಲು ಅಂತ್ಲೇ ಬಂತು ನೋಡು, ಬಲಗಾಲಲ್ಲ."

ಗಾರ್ಲಿನ್ ಮೇವಿನ ಮೂಟೆಯ ಮೇಲೆ ಕುಸಿದ. ದೈವದರ್ಶನವಾದವರ ಎದುರು ಕೂತವನ ಮುಖವಾಗಿತ್ತು ಅವನದು. "ವರ್ಲಾ, ನಿನ್ನನ್ನ ಮಜ್ಜಿಗೆ ಅಂದೆ, ತಪ್ಪಾಯ್ತು. ನಮ್ಮತ್ತೆ ಶನಿವಾರದಿಂದ ಮನೇಲಿರೋ ಬೂಟುಗಳನ್ನೆಲ್ಲ ತಲೆಕೆಳಗು ಮಾಡಿ ಕುಟ್ತಾ ಇದಾಳೆ ಕಣೋ. ಇದನ್ನ ನೀನೇ ಇಟ್ಕೋ. ಚೆಲ್ಲು, ಹೂಳು, ಏನಾದ್ರೂ ಮಾಡು. ಆದ್ರೆ ಯಾರಿಗೂ ಹೇಳಲ್ಲ ಅಂತ ಮಾತು ಕೊಡು."

ಟವಲು ಬಿಚ್ಚಿದರೆ ಒಳಗೆ ಅರ್ಧ ಖಾಲಿಯಾದ ವಿಸ್ಕಿ ಬಾಟಲಿ. ವರ್ಲನ್ ಅದನ್ನು ನೋಡಿದ, ಗಾರ್ಲಿನ್‌ನನ್ನು ನೋಡಿದ, ಬಾಯಿ ತೆರೆದ. ಬಂದಿದ್ದು "ಹೂಂ" ಎಂಬ ಒಂದೇ ಶಬ್ದ. ಗಾರ್ಲಿನ್ ಅದನ್ನೇ ಪ್ರಮಾಣವೆಂದು ಸ್ವೀಕರಿಸಿ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಹೋದ.

ಆ ಬಾಟಲಿಯನ್ನು ಎಲ್ಲಿ ಚೆಲ್ಲಬೇಕೆಂದು ವರ್ಲನ್‌ಗೆ ತಿಳಿಯಲಿಲ್ಲ. ಚರಂಡಿಗೆ ಚೆಲ್ಲಿದರೆ ವಾಸನೆ. ಕಸಕ್ಕೆ ಹಾಕಿದರೆ ಕಸ ಒಯ್ಯುವವನಿಗೆ ಕಣ್ಣಿದೆ. ಟವಲಿನಲ್ಲೇ ಸುತ್ತಿ ಮನೆಯ ಶೆಡ್ಡಿನಲ್ಲಿ, ಒಣಗಿದ ಬಣ್ಣದ ಡಬ್ಬಗಳ ಹಿಂದೆ ಸದ್ಯಕ್ಕೆಂದು ಇಟ್ಟ.

ಮರುದಿನ ನಡುಮಧ್ಯಾಹ್ನ, ಮುಖ್ಯ ಬೀದಿಯಲ್ಲಿ ಅವನ ಗಾಡಿಯ ಹಿಂದೆ ಸೈರನ್ ಕೂಗಿತು. ಶೆರಿಫ್ ಕಾಬ್ ಹೆನ್ಸ್ಲಿ ಇಳಿದು ಬಂದು, ಕಪ್ಪು ಕನ್ನಡಕ ತೆಗೆದು, ಕಿಟಕಿಗೆ ಬಾಗಿ ನಿಂತ. ಅವನು ಕನ್ನಡಕ ತೆಗೆದಿದ್ದನ್ನು ಆ ಊರಲ್ಲಿ ಯಾರೂ ನೋಡಿರಲಿಲ್ಲ. ಕಣ್ಣು ಇಷ್ಟು ಚಿಕ್ಕದೇ ಎಂದು ವರ್ಲನ್ ಬೆರಗಾದ.

"ನಿಂಗೇನು ಬೇಕು ಹೇಳ್ಬಿಡು ವರ್ಲನ್."

"ನಂಗಾ? ಏನು ಬೇಕು? ಅಂಗಡಿ ಮುಂದೆ ಲಾರಿಗಳು ಸುಂಯ್ ಅಂತ ಓಡ್ತವೆ, ಅದಕ್ಕೊಂದು ವ್ಯವಸ್ಥೆ ಆದ್ರೆ..."

"ಆಯ್ತು. ಇನ್ನೇನು?"

"ಅಷ್ಟೇ ಸ್ವಾಮಿ."

"ಅಷ್ಟೇನಾ?" ಶೆರಿಫ್‌ನ ಕಣ್ಣು ತುಂಬಿಬಂತು. "ಬೇರೆಯವನಾಗಿದ್ರೆ ನನ್ನ ರಕ್ತ ಹೀರ್ಬಿಡ್ತಿದ್ದ. ನೀನು ದೊಡ್ಡ ಮನುಷ್ಯ ಕಣಯ್ಯ." ಅವನು ಅತ್ತಿತ್ತ ನೋಡಿ, ಗಾಯಕ್ಕೆ ಕಟ್ಟುವ ಬಿಳಿ ಪಟ್ಟಿಯಿಂದ ನಖಶಿಖಾಂತ ಸುತ್ತಿದ ಒಂದು ವಸ್ತುವನ್ನು ಕಿಟಕಿಯೊಳಗೆ ತೂರಿಸಿದ. "ಪೊಲೀಸ್ ಗಾಡಿಯ ಮುಲಾಮಿನ ಪೆಟ್ಟಿಗೇಲಿ ಇದು ಆರು ವರ್ಷದಿಂದ ಇದೆ. ನನ್ನ ಸಹಾಯಕ ಶನಿವಾರದಿಂದ ಬೆರಳು ಕುಯ್ದುಕೊಂಡಿದೀನಿ, ಪಟ್ಟಿ ಕೊಡಿ ಪಟ್ಟಿ ಕೊಡಿ ಅಂತ ಪ್ರಾಣ ತಿಂತಾನೆ. ನಿನ್ನ ಹತ್ರ ಇರ್ಲಿ. ಪ್ರಾಣ ಹೋದ್ರೂ ಬಾಯಿ ಬಿಡಲ್ಲ ಅಂತ ಹೇಳು."

"ಹೂಂ," ಅಂದಿತು ವರ್ಲನ್‌ನ ಗಂಟಲು. ಕಾನೂನು ಬಿಗಿಯಾಗಿ ಸುತ್ತಿಕೊಂಡು ಅವನ ತೊಡೆಯ ಮೇಲೆ ಮಲಗಿತ್ತು. ಸಂಜೆಯೊಳಗೆ ಅಂಗಡಿಯ ಮುಂದೆ ದೊಡ್ಡ ಕೆಂಪು ಫಲಕ ಎದ್ದಿತು: ನಿಲ್ಲಿ.

ಇಷ್ಟಾದ ಮೇಲೆ ವರ್ಲನ್‌ಗೆ ಉಳಿದಿದ್ದ ಒಂದೇ ಸಮಾಧಾನವೆಂದರೆ ಒಂಟೆ. ಆ ಒಂಟೆ ಚರ್ಚಿನ ಹಿಂದಿನ ಕೋಣೆಯಲ್ಲಿತ್ತು. ಕ್ರಿಸ್ಮಸ್ ನಾಟಕಕ್ಕೆಂದು ಕಾಗದ, ಗೋಂದು, ತಂತಿಯಲ್ಲಿ ಮಾಡಿದ್ದು, ವರ್ಷಕ್ಕೊಮ್ಮೆ ಇಬ್ಬರು ಒಳಗೆ ಹೊಕ್ಕು ನಡೆಸಿದಾಗ ಮಾತ್ರ ಹೊರಗೆ ಬರುವಂಥದ್ದು. ಅದರ ಹೊಟ್ಟೆಯೊಳಗೆ ಯಾರು ತಾನೇ ಕೈ ಹಾಕಿಯಾರು? ಕೋಣೆಯ ಬೀಗದ ಕೈ ಇರುವುದೇ ಪಾದ್ರಿಗಳ ಬಳಿ.

ಬುಧವಾರ ಬ್ರದರ್ ಡ್ವೈಟ್ ಅಂಗಡಿಗೆ ಬಂದು ಒಂದು ಮೂಟೆ ಕೋಳಿ ಮೇವು ಕೇಳಿದರು.

"ನಿಮ್ಮನೇಲಿ ಕೋಳಿಗಳಿಲ್ವಲ್ಲ?" ಅಂದ ವರ್ಲನ್.

"ತಗೋತೀನಿ," ಅಂದರು ಪಾದ್ರಿಗಳು, ಮೇವಿನ ಕಡೆ ನೋಡದೆ. "ಕೋಳೀನೂ ತಗೋತೀನಿ. ವರ್ಲನ್, ಕ್ಷಮೆ ಅನ್ನೋದರ ಮೇಲೆ ನಿನ್ನ ಅಭಿಪ್ರಾಯ ಏನಪ್ಪ?"

"ನೀವು ಹೇಳಿದ್ದೇ ನನ್ನ ಅಭಿಪ್ರಾಯ, ಬ್ರದರ್."

"ಒಳ್ಳೇದು." ಅವರು ಮುಖ ಹತ್ತಿರ ತಂದರು. "ಆ ಹಾಡಿಗೆ ಮೂರನೇ ಚರಣ ಏನಾದ್ರೂ ಇದೆಯಾ?"

ಐದು ದಿನದಿಂದ ತನ್ನ ಹಾಡನ್ನು ಹಾಡೆಂದು ಕರೆದು ವಿಚಾರಿಸಿದವರು ಇವರೊಬ್ಬರೇ. ಕವಿಯ ಅಭಿಮಾನ ವರ್ಲನ್‌ನ ಭಯವನ್ನೂ ಮೀರಿ ತಲೆಯೆತ್ತಿತು. "ಇನ್ನೂ ಬರೆದಿಲ್ಲ. ಆದ್ರೆ ಬೇಕೇಬೇಕು ಅಂತಾರೆ ಮಿಸ್ ಓಪಲೀನ್. ಮೊದಲ ಚರಣದಲ್ಲಿ ಜಾಗ ಬಂತು, ಎರಡನೇದರಲ್ಲಿ ಕುಣಿತ ಬಂತು, ಮೂರನೇದರಲ್ಲಿ ಹೆಸರುಗಳು ಬಂದ್ರೆ ಕಳೆ ಕಟ್ಟುತ್ತಂತೆ."

ಪಾದ್ರಿಗಳು ಮೆಲ್ಲನೆ ಕೂತರು. ಅಂಗಿಯೊಳಗಿನಿಂದ ಒಂದು ಚಪ್ಪಟೆ ಬಾಟಲಿ ತೆಗೆದು ಗಲ್ಲಾದ ಮೇಲಿಟ್ಟರು. ಅದರ ಮೈಗೆಲ್ಲ ಹಳೇ ಕಾಗದ, ಗೋಂದು, ಒಂಟೆಯ ಬಣ್ಣ ಮೆತ್ತಿತ್ತು. "ಗಂಟಲು ಕಟ್ಟುತ್ತೆ ಕಣಪ್ಪ ನಂಗೆ," ಅಂದರು. "ಎರಡು ಪ್ರವಚನ ಒಂದೇ ದಿನ ಅಂದ್ರೆ ಸುಮ್ನೇನಾ? ಇದು ನಿನ್ನ ಹತ್ರಾನೇ ಇರ್ಲಿ, ಯಾರಿಗೂ ಹೇಳ್ಬೇಡ."

ವರ್ಲನ್ ಈ ಸಲ "ಹೂಂ" ಎನ್ನಲೂ ಆಗದೆ ತಲೆ ಮಾತ್ರ ಆಡಿಸಿದ. ತನ್ನ ಊರಿನಲ್ಲಿ ಬೂಟು ಬೂಟಲ್ಲ, ಮುಲಾಮು ಮುಲಾಮಲ್ಲ, ಒಂಟೆ ಒಂಟೆಯಲ್ಲ. ಮನುಷ್ಯರಾದವರು ಇಡಲಾರದ ಜಾಗವೆಂದು ತಾನು ಹುಡುಕಿ ತೆಗೆದ ಮೂರಕ್ಕೆ ಮೂರೂ ತುಂಬಿದ್ದವು. ಆ ಬಾಟಲಿಯೂ ಬಣ್ಣದ ಡಬ್ಬಗಳ ಹಿಂದೆ ಹೋಗಿ ಕೂತಿತು.

ಮೂರನೇ ಚರಣ ಬರುತ್ತದಂತೆ, ಅದರಲ್ಲಿ ಹೆಸರಿರುತ್ತದಂತೆ ಎಂಬ ಸುದ್ದಿ ಗುರುವಾರ ಬೆಳಗಾಗುವಷ್ಟರಲ್ಲಿ ಊರೆಲ್ಲ ಹರಡಿತು. ಊರಿನ ನಡವಳಿಕೆಯೇ ಬದಲಾಯಿತು. ವರ್ಲನ್ ರಸ್ತೆಯಲ್ಲಿ ಬಂದರೆ ಗಂಡಸರು ಟೋಪಿ ತೆಗೆದರು. ಎಂದೂ ಮಾತಾಡಿಸದ ಬ್ಯಾಂಕಿನ ಮ್ಯಾನೇಜರ್ ಇಡೀ ಹಂದಿ ತೊಡೆಯೊಂದನ್ನು ಮನೆಗೆ ಕಳಿಸಿದ. ಪೀಚ್ ಹಣ್ಣಿನ ಕಡುಬುಗಳು ವರಾಂಡದಲ್ಲಿ ಸಾಲುಗಟ್ಟಿದವು. ಹಾಡು ಇಷ್ಟೊಂದು ಹಿಡಿಸಿತೇ ಎಂದು ಅವನು ಒಂದು ಗಳಿಗೆ ಭ್ರಮಿಸಿದ್ದೂ ಉಂಟು.

ಶುಕ್ರವಾರ ಸಂಜೆ ಕೆಲಸ ಮುಗಿಸಿ ಬಂದಾಗ ಮನೆಯ ಮುಂದೆ ಪಾದ್ರಿಗಳ ಕಾರು, ಶೆರಿಫ್‌ನ ಕಾರು, ಗಾರ್ಲಿನ್‌ನ ಕಾರು. ಒಳಗೆ ಊಟದ ಮೇಜಿನ ಮೇಲೆ, ಹಬ್ಬಕ್ಕೆ ಹಾಸುವ ಬಟ್ಟೆಯ ನಟ್ಟನಡುವೆ ಮೂರು ಬಾಟಲಿಗಳು. ಮೇವಿಸ್‌ಳ ಮೂಗು ಅತ್ತು ಅತ್ತು ಕೆಂಪಾಗಿತ್ತು. ಆ ಮೂವರೂ ಮನೆಯ ಸೂರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಬಂದ್ಯಾ?" ಅಂದಳು ಮೇವಿಸ್. "ಬಾ. ನಾನೇ ಇವರನ್ನ ಕರೆಸಿದೀನಿ. ಇಪ್ಪತ್ತಾರು ವರ್ಷ ನಿನ್ನ ಜೊತೆ ಬಾಳಿದೀನಿ. ಆ ಹಾಡು ಕೇಳಿದಾಗ್ಲೇ ಅನುಮಾನ ಬರ್ಬೇಕಿತ್ತು ನಂಗೆ. ನೋಡಿ ಬ್ರದರ್, ಇದನ್ನ ನೋಡಿ." ಅವಳು ಮೊದಲ ಬಾಟಲಿ ಎತ್ತಿದಳು. "ಮೂಸಿ ನೋಡಿ. ಹೆಂಡದ ವಾಸನೆ ಅಲ್ಲ, ಕಾಲಿನ ವಾಸನೆ! ಎಂಥಾ ಗಲೀಜು ಮನುಷ್ಯ ಇದನ್ನ ಬಾಯಿಗಿಡ್ತಾನೆ ಹೇಳಿ?"

ಗಾರ್ಲಿನ್ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

"ಇದು ನೋಡಿ ಶೆರಿಫ್. ಗಾಯದ ಪಟ್ಟಿ. ಕುಡಿದು ಬಿದ್ದು ಏಟು ಮಾಡ್ಕೊಂಡಿದಾನೆ, ಆ ಪಟ್ಟೀನ ಬಿಚ್ಚಿ ಬಾಟ್ಲಿಗೆ ಸುತ್ತಿದಾನೆ. ಇಂಥೋನಿಗೆ ನಿಮ್ಮ ಕಾನೂನಿನಲ್ಲಿ ಏನು ಶಿಕ್ಷೆ?"

"ಕಾನೂನು..." ಅಂದ ಶೆರಿಫ್. "ಕಾನೂನಿನಲ್ಲಿ ಕರುಣೆಗೂ ಜಾಗ ಇದೆ ತಾಯಿ."

"ಇನ್ನು ಇದರ ಮೇಲಿರೋ ಕೊಳೆ ನೋಡಿ ಬ್ರದರ್! ಪ್ರಾಣಿ ಮೈಗೆ ಬಳಿಯೋ ಬಣ್ಣ ಇದ್ದ ಹಾಗಿದೆ. ಯಾವ ಕೊಟ್ಟಿಗೇಲಿ ಕೂತು ಕುಡೀತಾನೋ!"

"ಪ್ರಾರ್ಥನೆ ಮಾಡೋಣ," ಅಂದರು ಪಾದ್ರಿಗಳು ಅವಸರದಲ್ಲಿ. ಅವರು ಕಣ್ಣು ಮುಚ್ಚಿದವರು ಬಹಳ ಹೊತ್ತು ತೆರೆಯಲೇ ಇಲ್ಲ. ದಾರಿ ತಪ್ಪಿದ ಈ ಸಹೋದರನನ್ನು ಕ್ಷಮಿಸು ಎಂದರು, ಅವನಿಗೆ ಬಾಯಿ ಕಟ್ಟುವ ಶಕ್ತಿಯನ್ನು ಕೊಡು ಎಂದರು, ಎರಡನೆಯದನ್ನು ಎರಡೆರಡು ಸಲ ಹೇಳಿದರು.

ವರ್ಲನ್ ನಿಂತೇ ಇದ್ದ. ಒಂದು ಮಾತು ಆಡಿದರೆ ಸಾಕಿತ್ತು. ಆ ಮೂವರ ಮುಖವನ್ನು ಒಬ್ಬೊಬ್ಬರಾಗಿ ನೋಡಿದ. ಆ ಮುಖಗಳಲ್ಲಿದ್ದ ದೈನ್ಯವನ್ನು ಅವನು ಮೊದಲು ಕಂಡದ್ದು ಮಳೆಯಲ್ಲಿ ನೆನೆದ ಕುರಿಗಳಲ್ಲಿ ಮಾತ್ರ.

"ಹೇಳು ವರ್ಲನ್," ಅಂದಳು ಮೇವಿಸ್. ದನಿ ಸಣ್ಣಗಾಗಿತ್ತು. "ನಿಂದಲ್ಲ ಅಂತ ಹೇಳು. ನಾನು ನಂಬ್ತೀನಿ."

ಅವನು ಮಾತು ಕೊಟ್ಟಿದ್ದ. ಎರಡು ಸಲ ಹೂಂಗುಟ್ಟಿ, ಒಂದು ಸಲ ತಲೆಯಾಡಿಸಿ ಕೊಟ್ಟಿದ್ದು, ಆದರೂ ಮಾತು ಮಾತೇ. "ಏನು ಹೇಳ್ಲಿ ಮೇವಿಸ್," ಅಂದ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಡೀಕನ್ ಒಬ್ಬ ಕುಡುಕನಾದರೆ ಚರ್ಚಿನ ನಿಯಮ ಸ್ಪಷ್ಟವಿತ್ತು. ಭಾನುವಾರದ ಪ್ರಾರ್ಥನೆಯಾದ ಮೇಲೆ ಸಭೆ ಸೇರಿ ಅವನನ್ನು ತೆಗೆದುಹಾಕಬೇಕು. ಆ ಭಾನುವಾರ ಕೂರಲು ಜಾಗವಿಲ್ಲದಷ್ಟು ಜನ ಬಂದರು. ವರ್ಲನ್ ಮುಂದಿನ ಬೆಂಚಿನಲ್ಲಿ ಒಬ್ಬನೇ. ಮೇವಿಸ್ ನಾಲ್ಕು ಸಾಲು ಹಿಂದೆ, ಟೋಪಿಯ ಅಂಚನ್ನು ಮೂಗಿನವರೆಗೆ ಎಳೆದುಕೊಂಡು.

ಬ್ರದರ್ ಡ್ವೈಟ್ ಎದ್ದು ನಿಂತರು. ಗಂಟಲು ನಿಜವಾಗಿಯೂ ಕಟ್ಟಿತ್ತು. "ನಮ್ಮ ಸಹೋದರ ವರ್ಲನ್ ಟ್ಯಾಕೆಟ್ ಇಪ್ಪತ್ತು ವರ್ಷ ಈ ಚರ್ಚಿನ ಸೇವೆ ಮಾಡಿದಾರೆ," ಅಂದರು. "ಅವರ ಪರವಾಗಿ ಯಾರಾದ್ರೂ ಒಂದು ಮಾತು ಹೇಳೋದಿದ್ರೆ..."

ಯಾರೂ ಏಳಲಿಲ್ಲ. ಬೀಸಣಿಗೆಗಳ ಸದ್ದು. ಶೆರಿಫ್ ತನ್ನ ಟೋಪಿಯ ಒಳಗೆ ಏನೋ ಓದುತ್ತಿದ್ದ.

"ವರ್ಲನ್, ನೀನೇನಾದ್ರೂ?"

ವರ್ಲನ್ ಎದ್ದ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆಂಚನ್ನು ಹಿಡಿದುಕೊಂಡ. "ನಾನು ಹೇಳೋದು ಏನೂ ಇಲ್ಲ," ಅಂದ. "ಹಾಡಬಾರದಿತ್ತು. ಜನ ನನ್ನನ್ನ ಸಪ್ಪೆ ಅಂದ್ರು, ಬೇಜಾರಾಯ್ತು, ಹಾಡಿದೆ. ಅಷ್ಟೇ. ನಿಮಗೆಲ್ಲ ನೋವಾಗಿದ್ರೆ ಕ್ಷಮಿಸಿ." ಕೂತ.

ಅಷ್ಟು ದೊಡ್ಡ ದನಿಯವನು ಅಷ್ಟು ಮೆತ್ತಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಗಾರ್ಲಿನ್ ಬೆಂಚಿನ ಅಂಚಿಗೆ ಸರಿದ. ಆದರೂ ಏಳಲಿಲ್ಲ.

ಆಗ ಮೂಲೆಯಲ್ಲಿ ಪಿಯಾನೋ ಶುರುವಾಯಿತು.

ಮಿಸ್ ಓಪಲೀನ್ ನುಡಿಸಿದ್ದು, ಸಭೆ ಮುಗಿಯುವ ಹೊತ್ತಿಗೆ ಯಾವಾಗಲೂ ನುಡಿಸುವ ಸ್ತೋತ್ರವನ್ನು, ಪಾಪಿಗಳನ್ನು ಮುಂದೆ ಕರೆಯುವುದನ್ನು. ಆದರೆ ಊರಿನ ಕಿವಿ ಮೀನೂಟದ ಶನಿವಾರದಿಂದ ಕೆಟ್ಟುಹೋಗಿತ್ತು. ಮೊದಲ ಸ್ವರಗಳು ಬಿದ್ದದ್ದೇ ತಡ, ಚರ್ಚಿಗೆ ಚರ್ಚೇ ಕೇಳಿಸಿಕೊಂಡಿದ್ದು ಬೂಟು, ಮುಲಾಮು, ಒಂಟೆ. ಇನ್ನೀಗ ಮೂರನೇ ಚರಣ. ಇನ್ನೀಗ ಹೆಸರುಗಳು.

"ನಿಲ್ಸಿ ಮಿಸ್ಸೇ!" ಗಾರ್ಲಿನ್ ಬೆಂಚಿನ ಮೇಲೇ ಹತ್ತಿ ನಿಂತುಬಿಟ್ಟ. "ಬೂಟು ನಂದು! ಬಾಟ್ಲಿ ನಂದು! ವರ್ಲನ್‌ದಲ್ಲ!"

ಅವನ ಅತ್ತೆ ಬೈಬಲಿನಿಂದ ಅವನ ಮೊಣಕಾಲಿಗೆ ಬಾರಿಸಿದಳು. ಆ ಏಟಿನ ಸದ್ದು ಅಡಗುವ ಮೊದಲೇ ಶೆರಿಫ್ ಎದ್ದಿದ್ದ, ಕನ್ನಡಕ ತೆಗೆದಿದ್ದ. "ಪಟ್ಟಿ ಸುತ್ತಿದ್ದು ನಂದು," ಅಂದ. "ಸರ್ಕಾರಿ ಪಟ್ಟಿ. ಅದಕ್ಕೂ ಸೇರಿಸಿ ಶಿಕ್ಷೆ ಆಗ್ಲಿ." ಅಲ್ಲಿಂದಾಚೆ ಕೇಳಬೇಡಿ. ಹಾಡಿನಲ್ಲಿ ಬಾರದವರೂ, ಯಾರೂ ಕೇಳದವರೂ ಎದ್ದರು. ಬ್ಯಾಂಕಿನ ಮ್ಯಾನೇಜರು ಗಡಿಯಾರದ ಒಳಗೆ ಅಂದ. ದಳದ ಮುಖ್ಯಸ್ಥ ನೀರಿನ ಕೊಳವೆಯ ಸುರುಳಿಯೊಳಗೆ ಅಂದ, ಹೊಸ ಕೊಳವೆಗೆ ಚಂದಾ ಕೊಟ್ಟವರೆಲ್ಲ ಅವನನ್ನು ದುರುಗುಟ್ಟಿದರು. ವರ್ಲನ್ ತಿರುಗಿ ಕೂತು, ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದ. ಒಬ್ಬೊಬ್ಬರು ಎದ್ದಾಗಲೂ "ನೀನೂನಾ?", "ನೀವೂನಾ?" ಎಂದು ಅವನ ತುಟಿ ಅಲುಗುತ್ತಿತ್ತು.

ಕೊನೆಗೆ ಎಲ್ಲರೂ ಪಾದ್ರಿಗಳ ಕಡೆ ತಿರುಗಿದರು, ತೀರ್ಪಿಗೆಂದು. ಬ್ರದರ್ ಡ್ವೈಟ್ ಪೀಠದಿಂದ ಇಳಿದು ಬಂದು, ಜನರ ಜೊತೆ ಬೆಂಚಿನಲ್ಲಿ ಕೂತರು.

"ಒಂಟೆ," ಅಂದರು.

ಯಾರೋ ಹೆಂಗಸು ಮೂರ್ಛೆ ಹೋದಳು. ಕ್ರಿಸ್ಮಸ್ ನಾಟಕದಲ್ಲಿ ಆ ಒಂಟೆಯ ಹಿಂಗಾಲಾಗಿ ಹದಿನಾರು ವರ್ಷ ನಟಿಸಿದವಳು.

"ಹಾಗಾದ್ರೆ ನೀನು?" ಗಾರ್ಲಿನ್ ವರ್ಲನ್‌ನನ್ನು ಕೇಳಿದ. "ನಿಂದೆಲ್ಲಿದೆ?"

"ನಂದಿಲ್ಲ. ನಾನು ಯಾವತ್ತೂ ಕುಡಿದಿಲ್ಲ."

"ಮತ್ತೆ ನಮ್ಮದೆಲ್ಲ ಹೇಗೆ ಗೊತ್ತಾಯ್ತು?"

"ಗೊತ್ತಿರ್ಲಿಲ್ಲ," ಅಂದ ವರ್ಲನ್. "ಭೂಮಿ ಮೇಲೆ ಯಾವ ದಡ್ಡನೂ ಇಡಲ್ಲ ಅಂತ ಆ ಜಾಗ ಹಾಕಿದೆ."

ಆ ವಾರದ ಎಲ್ಲ ಆಘಾತಗಳಿಗಿಂತ ದೊಡ್ಡ ಆಘಾತ ಚರ್ಚಿನ ಮೇಲೆ ಇಳಿಯಿತು. ತಾವು ಸಿಕ್ಕಿಬಿದ್ದಿರಲೇ ಇಲ್ಲ ಎಂಬುದು ಒಬ್ಬೊಬ್ಬರಿಗೂ ನಿಧಾನವಾಗಿ ಅರಿವಾಗುತ್ತಿತ್ತು. ಶೆರಿಫ್ ಮೆಲ್ಲನೆ ಕನ್ನಡಕ ಹಾಕಿಕೊಂಡ, ತಡವಾಗಿತ್ತು.

"ಆಯ್ತಾ ಎಲ್ಲರದ್ದೂ?" ಮಿಸ್ ಓಪಲೀನ್ ಪಿಯಾನೋದಿಂದ ಕೇಳಿದರು. "ಸ್ತೋತ್ರ ನುಡಿಸ್ಲಾ? ಮನೇಲಿ ಕೋಳಿ ಒಲೆ ಮೇಲಿದೆ."

ವರ್ಲನ್‌ನನ್ನು ತೆಗೆಯುವ ವಿಷಯ ಮತ್ತೆ ಯಾರೂ ಎತ್ತಲಿಲ್ಲ. ಅವನನ್ನು ತೆಗೆದರೆ ತಟ್ಟೆ ಹಿಡಿಯಲು ಯೋಗ್ಯರಾದವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ.

ಮನೆಗೆ ಹೊರಟಾಗ ಮೇವಿಸ್ ಗಾಡಿಯಲ್ಲಿ ಅವನ ಪಕ್ಕಕ್ಕೇ ಸರಿದು ಕೂತಳು, ಮದುವೆಯಾದ ಹೊಸದರಲ್ಲಿ ಕೂರುತ್ತಿದ್ದ ಹಾಗೆ. ಹಿಂದೆ ಚರ್ಚಿನಿಂದ ಹೊರಟ ಕಾರುಗಳ ಸಾಲು ತಲೆ ತಗ್ಗಿಸಿಕೊಂಡಂತೆ ಬರುತ್ತಿತ್ತು.

"ಎರಡು ದಿನ ಅತ್ತೆ ಕಣೋ ನಾನು," ಅಂದಳು. "ಒಂದು ಮಾತು ಹೇಳೋಕಾಗ್ಲಿಲ್ವಾ?"

"ಮಾತು ಕೊಟ್ಟಿದ್ದೆ."

"ಮನೆ ಮರ್ಯಾದೆ ಹೋದ್ರೂ ಸರಿ?"

"ಮಾತು ಕೊಟ್ಟಿದ್ದೆ ಮೇವಿಸ್."

ಅವಳು ಅವನ ತೋಳಿಗೆ ತಲೆಯೊರಗಿಸಿದಳು. ಹೊಳೆಯ ಸೇತುವೆ ಬಂತು. ವರ್ಲನ್‌ಗೆ ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಲೋಕ ತನ್ನ ಜಾಗದಲ್ಲಿ ತಾನಿದೆ ಅನ್ನಿಸಿತು. ಒಂದೇ ಒಂದು ಸಣ್ಣ ವಿಷಯ ಮಾತ್ರ ತಲೆಯೊಳಗೆ ಕೊರೆಯುತ್ತಿತ್ತು.

"ಅಲ್ಲಾ, ಆ ಬಣ್ಣದ ಡಬ್ಬಗಳ ಹಿಂದೆ ಇಡೀ ವರ್ಷ ಯಾರೂ ಕೈ ಹಾಕಲ್ಲ ಅಂತ್ಲೇ ಅಲ್ಲಿಟ್ಟಿದ್ದೆ," ಅಂದ. "ಶುಕ್ರವಾರ ನೀನ್ಯಾಕೆ ಅಲ್ಲಿಗೆ ಹೋದೆ?"

ಮೇವಿಸ್ ತಲೆಯೆತ್ತಿ ನೆಟ್ಟಗೆ ಕೂತಳು. ಟೋಪಿ ಸರಿಮಾಡಿಕೊಂಡಳು.

"ಬಲಗಡೆ ಮೂಲೆ," ಅಂದಳು. "ಹಸಿರು ಡಬ್ಬದ ಹಿಂದೆ ನೋಡ್ಲೇ ಇಲ್ವಾ ನೀನು?"

"ಇಲ್ಲ."

"ಅಲ್ಲಿರೋದು ನಂದು."

ಗಾಡಿ ಸೇತುವೆಯ ನಟ್ಟನಡುವೆ ಗಕ್ಕೆಂದು ನಿಂತಿತು. ಅದರ ಹಿಂದೆ ಪಾದ್ರಿಗಳ ಕಾರು ನಿಂತಿತು, ಅದರ ಹಿಂದೆ ಶೆರಿಫ್‌ನದು, ಅದರ ಹಿಂದೆ ಗಾರ್ಲಿನ್‌ನದು, ಅದರ ಹಿಂದೆ ಇಡೀ ಸಿಕಮೋರ್ ಫೋರ್ಕ್. ಬಿಸಿಲು ಸುಡುತ್ತಿತ್ತು, ಎಲ್ಲರ ಮನೆಯಲ್ಲೂ ಊಟ ಆರುತ್ತಿತ್ತು. ಆದರೂ ಒಬ್ಬರೇ ಒಬ್ಬರು ಹಾರ್ನ್ ಹೊಡೆಯಲಿಲ್ಲ. ಮುಂದಿನ ಗಾಡಿಯಲ್ಲಿ ಮೂರನೇ ಚರಣ ಹೊಳೆಯುತ್ತಿರಬಹುದೆಂಬ ಭಯ ಎಲ್ಲರಿಗೂ ಇತ್ತು.